ಅಜ್ಜನ ಕತ್ತಿ, ಅಣ್ಣನ ಶ್ರಾವಣ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಜ್ಜನ ದಾಡಿ ಬ್ರಶ್ಶಿನ ಹಿಡಿಕೆ ಬಿಳಿಯದಿತ್ತೋ ಹಳದಿಯದೋ, ನಾನು ಬಾಗಿಲ ಸಂದಿಯಿಂದ ನೋಡಿದ ದಿನ ನನಗೆ ಆರು ವರ್ಷವೋ ಏಳೋ, ಹೇಳಲಾರೆ. ಧಾರವಾಡದಲ್ಲಿ ಎರಡು ವರ್ಷ ಇತಿಹಾಸ ಓದಿ ಮುಖ್ಯವಾಗಿ ಕಲಿತದ್ದು, ಕಣ್ಣಾರೆ ಕಂಡವರ ಮಾತನ್ನೂ ಪೂರ್ತಿ ನಂಬಬಾರದು ಎಂಬುದನ್ನೇ. ಕಂಡವಳು ನಾನೇ ಆದಾಗ ಇನ್ನೂ ಕಷ್ಟ. ಆದರೂ ಒಂದು ಚಿತ್ರ ನನ್ನನ್ನು ಬಿಡುವುದಿಲ್ಲ. ನರಗುಂದದ ನಮ್ಮ ಮನೆಯ ಒಳಕೋಣೆ. ಅಜ್ಜ ಮಣೆಯ ಮೇಲೆ ಮುಖ ಮೇಲೆತ್ತಿ ಕೂತಿದ್ದಾನೆ. ಗಲ್ಲದ ತುಂಬ ಸೋಪಿನ ನೊರೆ. ಉದ್ದನೆಯ, ಮಡಚುವ ಹಜಾಮತಿ ಕತ್ತಿ ಅವನ ಗಂಟಲ ಮೇಲಿದೆ. ಅದನ್ನು ಹಿಡಿದ ಕೈಯಲ್ಲಿ ಹಸಿರು ಬಳೆಗಳಿವೆ.

ಮನೆಯಲ್ಲಿ ಚಾಲ್ತಿಯಲ್ಲಿರುವ ಕತೆ ಬೇರೆ. ಅಜ್ಜ ಸಾಯುವವರೆಗೂ ತನ್ನ ದಾಡಿ ತಾನೇ ಮಾಡಿಕೊಂಡನಂತೆ, ಒಂದು ಗೀರೂ ಬೀಳಲಿಲ್ಲವಂತೆ, ಅಂಥ ಕೈಯಂತೆ. ಕೊನೆಯ ವರ್ಷಗಳಲ್ಲಿ ಆ ಕೈ ಚಹಾದ ಬಸಿಯನ್ನು ಚೆಲ್ಲದೆ ಬಾಯಿಗೆ ಒಯ್ಯುತ್ತಿರಲಿಲ್ಲ ಎಂಬುದೂ ಎಲ್ಲರಿಗೂ ನೆನಪಿದೆ. ಎರಡನ್ನೂ ಒಂದೇ ಸಲ ನೆನೆದು ನೋಡಿದವರಿಲ್ಲ.

ಹೋದ ಶ್ರಾವಣದಲ್ಲಿ ಅಣ್ಣ ಆ ಕತ್ತಿಯನ್ನು ಆಯಿಯ ಟ್ರಂಕಿನಿಂದ ಹೊರಗೆ ತೆಗೆದ. ಆಯಿ ಎಂದರೆ ಅಜ್ಜನ ಹೆಂಡತಿ, ನಮ್ಮ ಅಪ್ಪನ ತಾಯಿ. ಶ್ರಾವಣ ಮುಗಿಯುವವರೆಗೆ ನಮ್ಮಲ್ಲಿ ಗಂಡಸರು ದಾಡಿ ಮಾಡಿಕೊಳ್ಳುವುದಿಲ್ಲ. ಅಣ್ಣ ರೋಣದ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತಾನೆ. ಹದಿನೈದು ವರ್ಷ ಪ್ಲಾಸ್ಟಿಕ್ ರೇಜರಿನಲ್ಲಿ ಮುಖ ಬೋಳಿಸಿಕೊಂಡ ಮನುಷ್ಯ. ಈ ಸಲ ತಿಂಗಳ ಗಡ್ಡವನ್ನು ಅಜ್ಜನ ಕತ್ತಿಯಿಂದಲೇ ತೆಗೆಯುತ್ತೇನೆ ಎಂದು ಸಾರಿದ. ಮೊಬೈಲಿನಲ್ಲಿ ದಿನಕ್ಕೊಂದು ಫೋಟೊ ಹಾಕತೊಡಗಿದ. ಕತ್ತಿಯದು, ಕತ್ತಿ ಹಿಡಿದ ತನ್ನದು, ಮತ್ತೆ ಅದೇ ಕಪ್ಪು-ಬಿಳುಪಿನಲ್ಲಿ. ಕೆಳಗೆ 'ಅಜ್ಜನ ಶಿಸ್ತು ಮೊಮ್ಮಗನ ಕೈಯಲ್ಲಿ' ಎಂಬ ಸಾಲು. ಬೆಳಿಗ್ಗೆ ಎದ್ದು ತಾನು ಹೊದ್ದ ಚಾದರವನ್ನೇ ಮಡಚದ ಕೈ ಅದು.

ಪಾರ್ಸಲ್ಲುಗಳು ಬಂದವು. ಬ್ರಶ್ಶು, ಕಟ್ಟಿಗೆಯ ಬಟ್ಟಲು, ಗಂಧದ ವಾಸನೆಯ ಸೋಪು, ಮುಖ ಒರೆಸಲಿಕ್ಕೆ ಬೇರೆಯೇ ಒಂದು ಟಾವೆಲ್ಲು.

"ಇಡೀ ಮನಿಗೆ ಸುಣ್ಣಾ ಹೊಡಿಯಾಕ ನಿಮ್ಮಪ್ಪ ಇಷ್ಟ ಸಾಮಾನ ತಂದಿದ್ದಿಲ್ಲ," ಎಂದಳು ಅವ್ವ.

"ನಿನಗ ತಿಳಿಯಂಗಿಲ್ಲಬೇ. ಕತ್ತಿ ಅಂದ್ರ ತಯಾರಿ ಬೇಕು."

ತಯಾರಿ ಎಂದರೆ ಬಲೂನು. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ನೊರೆ ತೆಗೆದರೆ ಕೈ ಹದಕ್ಕೆ ಬರುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದರಂತೆ. ಮೂವತ್ತೈದು ದಾಟಿದ ಗಂಡಸು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಗುಲಾಬಿ ಬಲೂನಿಗೆ ದಾಡಿ ಮಾಡುತ್ತ ಕೂತ. ಮೂರು ಬಲೂನು ಒಡೆದ ಮೇಲೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದರು:

"ಯಾರದ್ರೀ ಹುಟ್ಟಿದ ಹಬ್ಬ?"

"ನಮ್ಮ ಹುಡುಗನ ಗಲ್ಲದ್ದುರೀ," ಎಂದಳು ಅವ್ವ.

ನಾನು ನಕ್ಕೆ. ನಗುವ ಹಕ್ಕು ನನಗೆಷ್ಟಿತ್ತೋ ಗೊತ್ತಿಲ್ಲ. ಬಳೆಗಳ ವಿಷಯ ನಾನೂ ಎಂದೂ ಬಾಯಿಬಿಟ್ಟವಳಲ್ಲ. 'ಅಜ್ಜನ ಶಿಸ್ತು' ಎಂಬ ಆ ಫೋಟೊಗೆ ನಾನೂ ಲೈಕ್ ಒತ್ತಿದ್ದೆ. ಅಣ್ಣ ಸುಳ್ಳು ಹೇಳುತ್ತಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದ. ನೋಡಿಯೂ ಸುಮ್ಮನಿದ್ದವಳು ನಾನು, ನಿಜವಾಗಿ ನೋಡಿದ್ದರೆ.

ಬಲೂನು ಒಡೆದದ್ದಕ್ಕೆ ಅಣ್ಣ ಕತ್ತಿಯನ್ನು ದೂರಿದ; ಮೊಂಡಾಗಿದೆ, ಮಸೆಯಬೇಕು ಎಂದ. ಕತ್ತಿ ಸುತ್ತಿಟ್ಟ ಬಟ್ಟೆಯಲ್ಲಿ ಬೆರಳುದ್ದದ ಒಂದು ನುಣುಪು ಕಲ್ಲೂ ಇತ್ತು. ಅದನ್ನು ಅವನು ಮೇಜಿನ ಮೇಲೆ, ವಿದ್ಯಾರ್ಥಿಗಳ ಉತ್ತರಪತ್ರಿಕೆ ಹಾರದಂತೆ ಇಟ್ಟುಕೊಂಡಿದ್ದ. ಮಸೆಯಲಿಕ್ಕೆ ಹೋದದ್ದು ಹಿತ್ತಲಿಗೆ, ಕುಡಗೋಲು ಮಸೆಯುವ ಕಲ್ಲಿಗೆ. ಹೊಲ ಇದ್ದ ಮನೆಯ ಮಕ್ಕಳಿಗೆ ಹರಿತ ಎಂದರೆ ಕುಡಗೋಲಿನದೊಂದೇ ಗೊತ್ತು, ಎಷ್ಟು ಓದಿದ್ದರೂ.

ಎರಡು ಸಲ ಕರ್ ಕರ್ ಎಂದಿರಬೇಕು. ಇಡೀ ತಿಂಗಳು ಬ್ರಶ್ಶಿಗೂ ಬಲೂನಿಗೂ ಮಾತಾಡದ ಆಯಿ ಹೊರಸಿನಿಂದ ಎದ್ದು ಬಂದಳು.

"ಏ, ಜ್ವಾಳಾ ಕೊಯ್ಯಾಕ ಹೊಂಟೀಯೇನೋ? ಕೊಡಿಲ್ಲೆ ಅದನ್ನ."

"ಬ್ಯಾಡ ಆಯಿ, ಕೈ ಕೊಯ್ಕೋತಿ."

"ಕೊಡಂದ್ರ ಕೊಡೋ. ಆ ಸಣ್ಣ ಕಲ್ಲ ಎಲ್ಲಿಟ್ಟಿ? ನಿಮ್ಮಜ್ಜನ ತೊಗಲಿನ ಪಟ್ಟಿ ತಾ."

ಕಲ್ಲಿಗೆ ನೀರು ಮುಟ್ಟಿಸಿ, ಕತ್ತಿಯನ್ನು ಅಡ್ಡಲಾಗಿ ಮಲಗಿಸಿ, ಸದ್ದೇ ಆಗದಂತೆ ಬಹಳ ಹೊತ್ತು ಮಸೆದಳು. ಆಮೇಲೆ ಅಜ್ಜನ ಆ ತೊಗಲಿನ ನಡುಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಬಿಗಿ ಹಿಡಿ, ಯವ್ವಾ." ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೇ ಹೊರಳಿಸಿ ಮರಳಿ ಎಳೆಯುತ್ತಿದ್ದಳು. ತೊಗಲಿಗೆ ಒಂದು ಗೀರಿಲ್ಲ. ಕೊನೆಗೆ ತನ್ನ ತಲೆಯಿಂದ ಒಂದು ಬಿಳಿಗೂದಲು ಕಿತ್ತು ಅದಕ್ಕೆ ತಾಗಿಸಿದಳು. ಕೂದಲು ಎರಡಾಯಿತು.

ಆಮೇಲೆ ಅಣ್ಣನ ಗಲ್ಲ ಹಿಡಿದು ಎತ್ತಿ, ದವಡೆಯ ಕೆಳಗೆ ಹೆಬ್ಬೆರಳು ಒತ್ತಿದಳು. "ಇಲ್ಲಿ ಕೂದಲ ಅಡ್ಡ ತಿರಗ್ಯಾವ. ಅವರದೂ ಹಿಂಗ ಇತ್ತು. ತೊಗಲ ಎಳದ ಹಿಡೀಬೇಕು. ಇಲ್ಲಾಂದ್ರ ಕಚ್ಚತೈತಿ."

"ನೋಡ್ದೇನ," ಎಂದ ಅಣ್ಣ ನನಗೆ, "ಅಜ್ಜನ್ನ ನೋಡಿ ನೋಡಿ ಆಯಿಗೂ ಬಂದೈತಿ." ಫೋಟೊ ತೆಗೆದ. ಅದನ್ನು ಹಾಕುವಾಗ ಆಯಿಯ ಕೈ ಕತ್ತರಿಸಿ, ಕತ್ತಿಯೊಂದನ್ನೇ ಉಳಿಸಿದ.

ಮರುದಿನ ಶ್ರಾವಣ ಮುಗಿದಿತ್ತು. ಗಡ್ಡವನ್ನು ಮೊದಲು ಕತ್ತರಿಯಿಂದ ಸಣ್ಣಗೆ ಮಾಡಿಕೊಳ್ಳಬೇಕೆಂಬುದು ಅಣ್ಣನ ಅಷ್ಟೂ ತಯಾರಿಯಲ್ಲಿ ಸೇರಿರಲಿಲ್ಲ. ಕಿವಿಯ ಕೆಳಗೆ ಒಮ್ಮೆ ಎಳೆದ. ಸಾಸಿವೆಯಷ್ಟು ರಕ್ತ ಕಂಡಿತು. ಹೊಸ ಟಾವೆಲ್ಲನ್ನು ಗಲ್ಲಕ್ಕೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಸಲೂನಿಗೆ ಹೋಗಿ, ನುಣ್ಣಗಾಗಿ, ಪೌಡರು ಬಳಿಸಿಕೊಂಡು ಬಂದ. ಆ ಮುಖದ ಫೋಟೊವನ್ನೂ ಹಾಕಿದ, ಅಜ್ಜನ ಹೆಸರಿನಲ್ಲೇ. ಸಂಜೆಯೊಳಗೆ ನೆಂಟರೆಲ್ಲ ಶಾಭಾಸ್ ಎಂದಿದ್ದರು. ಗಜೇಂದ್ರಗಡದ ಅತ್ತೆ ಫೋನು ಮಾಡಿ ಅತ್ತೇ ಬಿಟ್ಟರಂತೆ, 'ಥೇಟ್ ನಮ್ಮಪ್ಪ' ಎಂದು.

ಆಯಿ ಆಗ ಹಿತ್ತಲ ಕಟ್ಟೆಯ ಮೇಲೆ ಕೂತು ಕತ್ತಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ನಾನು ಹತ್ತಿರ ಕೂತು, ಇಪ್ಪತ್ತೈದು ವರ್ಷ ಕೇಳದ್ದನ್ನು ಕೇಳಿದೆ. ಸವರುವ ಬೆರಳು ಒಮ್ಮೆ ನಿಂತಿತು. ಆಮೇಲೆ ಕತ್ತಿಯನ್ನೂ ಕಲ್ಲನ್ನೂ ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು, ನನ್ನ ಹೆಗಲು ಹಿಡಿದು ಎದ್ದು ಒಳಗೆ ಹೋದಳು. ಟ್ರಂಕಿನ ಚಿಲಕ ಹಾಕಿದ ಸದ್ದು ಕೇಳಿತು. ಇನ್ನೊಂದು ಶ್ರಾವಣ ಬರುತ್ತಿದೆ. ಆಕೆ ಇನ್ನೂ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಆಯಿ, ಅಜ್ಜನ ದಾಡಿ ಮಾಡತಿದ್ದಾಕಿ ನೀನ ಅಲ್ಲೇನ?"