ಹನ್ನೆರಡನೆಯ ಚೌಕ

ಇಪ್ಪತ್ತರವರೆಗೆ ಸರಿಯಾಗಿ ಎಣಿಸಲು ನನಗೆ ಬರುವುದಿಲ್ಲವೆಂಬುದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತಿಳಿದುಬಂದಿತು. ನಮ್ಮೂರ ಪಕ್ಕದ ಕರೂರಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತಿದ್ದವನಿಗೆ ಇದು ಹಿತಕರವಾದ ಅರಿವೇನಲ್ಲ.

ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ನನ್ನ ಹೆಂಡತಿ ಗಿರಿಜೆ ಕೊಕ್ಕೆಕಡ್ಡಿಯ ಕ್ರೋಶಾದಲ್ಲಿ ಒಂದು ಹೊದಿಕೆ ಹೆಣೆಯುತ್ತಿದ್ದಳು. ಒಟ್ಟು ಹನ್ನೆರಡು ಚೌಕ. ಹನ್ನೊಂದು ಮುಗಿಯುವಷ್ಟರಲ್ಲಿ ಬೆರಳ ಗಂಟುಗಳು ಬಾತು, ಕಡ್ಡಿ ಹಿಡಿಯುವುದೇ ಆಗದಾಯಿತು. ವೈದ್ಯರು ಒಂದು ತಿಂಗಳ ವಿಶ್ರಾಂತಿ ಹೇಳಿದರು. ತೊಟ್ಟಿಲಿಗೆ ಉಳಿದದ್ದು ಒಂಬತ್ತೇ ದಿನ. ಗಿರಿಜೆ ಹನ್ನೊಂದು ಚೌಕಗಳನ್ನು ಮಂಚದ ಮೇಲೆ ಜೋಡಿಸಿ, ಖಾಲಿ ಉಳಿದ ಮೂಲೆಯನ್ನು ಅಂಗೈಯಿಂದ ಸವರಿದಳು. ಅದನ್ನು ನೋಡಲಾರದೆ, ಹನ್ನೆರಡನೆಯದನ್ನು ನಾನು ಹೆಣೆಯುತ್ತೇನೆ ಎಂದುಬಿಟ್ಟೆ.

"ನೀವಾ? ಅಂಗಿ ಗುಂಡಿ ಹಚ್ಚಾಕ ಬರಂಗಿಲ್ಲ ನಿಮಗೆ. ಬ್ಯಾಡ್ರಿ."

ಬೇಡವೆಂದದ್ದರಿಂದಲೇ ಅದು ಬೇಕಾಯಿತು.

ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲಿನದನ್ನೆಲ್ಲ ಓದಿ, ಒರೆಗೆ ಹಚ್ಚಿ ಕಲಿತದ್ದು. ಆದ್ದರಿಂದ ಕಡ್ಡಿ ಹಿಡಿಯುವ ಮೊದಲು ಈ ಕಲೆಯ ಮೂಲವನ್ನು ವಿಚಾರಿಸಿದೆ. ಯುರೋಪಿನ ಸನ್ಯಾಸಿನಿಯರದೆಂದು ಒಬ್ಬರು, ಅರಬರದೆಂದು ಇನ್ನೊಬ್ಬರು, ಚೀನಾದ್ದೆಂದು ಮತ್ತೊಬ್ಬರು. ಮೂವರನ್ನೂ ನಂಬಲಾರೆ. ಮೊದಲ ಕುಣಿಕೆ ಹಾಕಿದವಳು ಅದನ್ನು ಬರೆದಿಟ್ಟಿರಲಾರಳು. ಅವಳ ಎರಡು ಕೈಗೂ ಕೆಲಸವಿತ್ತು.

ಗಿರಿಜೆಯ ಪಾಠ ಸರಳವಾಗಿತ್ತು. ಸಾಲಿಗೆ ಇಪ್ಪತ್ತು ಹೊಲಿಗೆ. ಸಾಲು ಮುಗಿದಾಗ ತಿರುವಿ ಹಿಡಿದು, ಮೂರು ಚೈನು, ಅಂದರೆ ಸರಪಳಿ ಕುಣಿಕೆ, ಹಾಕಿ ಮೇಲಕ್ಕೇರಿ, ಮರಳಿ ಬರಬೇಕು. ಲೆಕ್ಕ ತಪ್ಪಬಾರದೆಂದು ನನ್ನ ರುದ್ರಾಕ್ಷಿ ಜಪಮಾಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಗೊಂದು ಮಣಿ ಸರಿಸಿದೆ. ಎರಡನೆಯ ಸಾಲಿಗೆ ಹತ್ತೊಂಬತ್ತಾಯಿತು, ಮೂರನೆಯದಕ್ಕೆ ಹದಿನೆಂಟು. ಮೊದಲು ಕನ್ನಡಕವನ್ನು ಶಂಕಿಸಿದೆ, ಬಳಿಕ ನೂಲನ್ನು, ಆಮೇಲೆ ಕಡ್ಡಿಯನ್ನು. ಕೊನೆಗೆ ಧೈರ್ಯಮಾಡಿ ಗಿರಿಜೆಯ ಪಾಠವನ್ನೇ. ನಾಲ್ಕು ದಿನ ಕಳೆದಾಗ ಕೈಯಲ್ಲಿದ್ದದ್ದು ಅಚ್ಚುಕಟ್ಟಾದ ಒಂದು ತ್ರಿಕೋನ.

"ಸಮೋಸ ಚಲೋ ಆಗೈತ್ರಿ" ಎಂದಳು ಗಿರಿಜೆ. "ನನ್ನ ಮಾತಂತೂ ಕೇಳಂಗಿಲ್ಲ. ಹರಿಹರದ ಶಮೀಮಾಗಾದ್ರೂ ತೋರಿಸ್ಕೊಂಡು ಬರ್ರಿ."

ಶಮೀಮಾ ಹರಿಹರದಲ್ಲಿ ನೂಲಿನ ಅಂಗಡಿ ಇಟ್ಟಿರುವಾಕೆ. ಗಿರಿಜೆ ಅವಳ ಹಳೆಯ ಗಿರಾಕಿ. ಮರುದಿನವೇ ಬಸ್ಸು ಹತ್ತಿದೆ. ತ್ರಿಕೋನವನ್ನು ನೋಡಿ ಅವಳು ನಗಲಿಲ್ಲ. ತನ್ನೆದುರಿಗೇ ಒಂದು ಸಾಲು ಹೆಣೆಯಲು ಹೇಳಿದಳು. ಸಾಲಿನ ತುದಿಯಲ್ಲಿ ನಾನು ತಿರುವಿದ್ದೇ ತಡ, ಕೈ ಹಿಡಿದು ನಿಲ್ಲಿಸಿದಳು.

"ಅಜ್ಜಾರೆ, ಹಿಂದಿನ ಸಾಲಿನ ಈ ಮೂರು ಚೈನು ಯಾಕ ಬಿಟ್ರಿ? ಮೂರೂ ಸೇರಿ ಒಂದು ಹೊಲಿಗೆ ಲೆಕ್ಕ. ಅದರ ತಲಿ ಮ್ಯಾಲೂ ಒಂದು ಹಾಕಬೇಕು."

"ಅದು ತಿರುಗೋ ಜಾಗ ಅಲ್ಲೇನಮ್ಮಾ? ತಿರುಗೋ ಜಾಗ ಎಣಿಸಬಾರದು."

"ಯಾರಂದ್ರು?"

ಯಾರೆಂದರು? ಕೈಚೀಲದಲ್ಲಿದ್ದ ಜಪಮಾಲೆಯನ್ನು ತೆಗೆದು ನೋಡಿದೆ. ಅದರ ಎರಡೂ ತುದಿ ಕೂಡುವಲ್ಲಿರುವ ದೊಡ್ಡ ಮೇರು ಮಣಿಯನ್ನು ಎಣಿಸುವುದಿಲ್ಲ, ದಾಟುವುದೂ ಇಲ್ಲ. ಅಲ್ಲಿಗೆ ಬಂದ ಬೆರಳು ಬಂದ ದಾರಿಯಲ್ಲೇ ಮರಳಬೇಕು. ಹತ್ತು ವರ್ಷದವನಿದ್ದಾಗ ಅಜ್ಜಿ ಕಲಿಸಿದ್ದು. ಆಗಿನಿಂದ ತಿರುವು ಬಂದಲ್ಲೆಲ್ಲ ನನ್ನ ಬೆರಳು ಲೆಕ್ಕ ನಿಲ್ಲಿಸುತ್ತ ಬಂದಿದೆ.

ಇದನ್ನು ಹೇಳಿದಾಗ ಶಮೀಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ತಸ್ಬೀ ಸರದಾಗೂ ಅಂಥದ್ದೊಂದು ದೊಡ್ಡ ಮಣಿ ಐತ್ರಿ, ನಾವೂ ಅದನ್ನ ಎಣಿಸಂಗಿಲ್ಲ. ಆದ್ರೆ ಅದನ್ನ ಹಿಡ್ಕೊಂಡು ಯಾರೂ ಕ್ರೋಶಾ ಹಾಕಾಕ ಕೂಡಂಗಿಲ್ರಿ!"

ಮರಳುವ ಬಸ್ಸಿನಲ್ಲಿ ತ್ರಿಕೋನವನ್ನು ಬಿಚ್ಚಿ ಉಂಡೆ ಸುತ್ತುತ್ತ ಕುಳಿತೆ. ಕಿವಿಗೆ ಬಿದ್ದದ್ದನ್ನೆಲ್ಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಜೀವಮಾನವಿಡೀ ಶಂಕಿಸಿದವನು ನಾನು. ಬೆರಳಿಗೆ ಅಂಟಿಕೊಂಡು ಬಂದದ್ದನ್ನು ಮಾತ್ರ ಒಮ್ಮೆಯೂ ವಿಚಾರಿಸಿಕೊಂಡಿರಲಿಲ್ಲ. ಅದಕ್ಕೆ ಬಾಯಿಲ್ಲವಲ್ಲ, ವಾದಕ್ಕೆ ಸಿಗುವುದಿಲ್ಲ.

ಮನೆಗೆ ಬಂದು ಗಿರಿಜೆಗೆ ಮೇರುವಿನ ಕಥೆ ಒಪ್ಪಿಸಿ, ಮೊದಲಿನಿಂದ ಹೆಣೆಯತೊಡಗಿದೆ. ತೊಟ್ಟಿಲಿನ ಹಿಂದಿನ ದಿನ ಚೌಕ ಮುಗಿಯಿತು; ಅದು ನಿಜಕ್ಕೂ ಚೌಕವೇ ಆಗಿತ್ತು. ಗಿರಿಜೆ ಬಾತ ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ಆಡಿಸಿದಳು.

"ಕೊನೇ ಸಾಲಿನ್ಯಾಗ ಇಪ್ಪತ್ತೊಂದು ಅದಾವಲ್ರಿ?"

ಬಿಚ್ಚಲೆಂದು ಕೈ ಚಾಚಿದೆ. ಆಕೆ ಚೌಕವನ್ನು ಮಡಿಲಿಗೆಳೆದುಕೊಂಡಳು.

"ಇರ್ಲಿ ಬಿಡ್ರಿ. ಇಷ್ಟು ದಿನ ಬಿಟ್ಟಿದ್ರಲ್ಲ, ಅದು ಮೇರುವಿಂದು."

ಮರುದಿನ ಎಲ್ಲರೂ ಜೋಗುಳದಲ್ಲಿ ಮುಳುಗಿದ್ದಾಗ ನಾನು ತೊಟ್ಟಿಲ ಮೇಲೆ ಬಾಗಿ, ಕೂಸಿನ ಪಾದದ ಬಳಿಯಿದ್ದ ಆ ಸಾಲನ್ನು ಎಣಿಸಿದೆ. ಹೆಂಡತಿಯ ಮಾತೆಂದ ಮಾತ್ರಕ್ಕೆ ಹಾಗೇ ಒಪ್ಪಲಾದೀತೇ? ಎರಡು ಸಲ ಎಣಿಸಿದೆ. ಇಪ್ಪತ್ತೊಂದೇ.