ತಂತಿ ಸಡಿಲಿಸದೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಕೊಯಮತ್ತೂರು ಕಡೆಯ ಅನ್ನೂರಿನ ಹತ್ತಿರ, ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮುಗಳು ಒಟ್ಟಿಗೆ ನಿಂತವು. ಗಡಿಯಾರ ನೋಡಿ ಸಮಯ ಹೇಳಿದವಳು ನಾನೇ. ಕರೆಂಟು ಹೋಗದಿದ್ದರೆ ಅಪ್ಪನ ಕೈ ಖಾಲಿಯಾಗುತ್ತಿರಲಿಲ್ಲ. ಕೈ ಖಾಲಿಯಾಗದಿದ್ದರೆ ಅಣ್ಣನ ಗಿಟಾರು ಶೆಡ್ಡಿನ ರಿಪೇರಿ ಮೇಜಿಗೆ ಬರುತ್ತಿರಲಿಲ್ಲ. ಎಷ್ಟು ಸಲ ಹೀಗೆ ಹಿಂದಕ್ಕೆ ಓಡಿಸಿ ನೋಡಿದ್ದೇನೋ.

ಅಣ್ಣ ಮದುವೆ ಆರತಕ್ಷತೆಗಳಲ್ಲಿ ಹಾಡುವ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ನಾಲ್ಕು ದಪ್ಪ ತಂತಿಗಳ ಆ ವಾದ್ಯವನ್ನು ಕೊಯಮತ್ತೂರಿನ ಉಕ್ಕಡಂನ ಹಳೆ ಸಾಮಾನಿನ ಅಂಗಡಿಯಿಂದ ತಂದಿದ್ದ. ತಂತಿಗಳ ಎಳೆತಕ್ಕೆ ಅದರ ಕತ್ತು ಬಿಲ್ಲಿನಂತೆ ಬಾಗಿತ್ತು. ತಂತಿಗಳು ಮರದಿಂದ ಮೇಲೆದ್ದು, ಅವನ್ನು ಒತ್ತಿ ಒತ್ತಿ ಅವನ ಬೆರಳು ಊದಿಕೊಳ್ಳುತ್ತಿತ್ತು. ಆಗ ಆಡಿ ತಿಂಗಳು, ನಮ್ಮ ಕಡೆಯ ಆಷಾಢ; ಅದರಲ್ಲಿ ಮದುವೆ ನಡೆಯುವುದಿಲ್ಲ. ಮುಂದಿನ ತಿಂಗಳ ಮುಹೂರ್ತಗಳೊಳಗೆ ಅದನ್ನು ಸರಿಮಾಡಿಕೊಳ್ಳಬೇಕಿತ್ತು.

ಕತ್ತಿನ ಮರದೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳಿರುತ್ತದೆ. ಅದರ ತುದಿಯ ನಟ್ಟನ್ನು ಅಲೆನ್ ಕೀಯಿಂದ ಕಾಲು ಸುತ್ತು ಬಿಗಿದರೆ ಕತ್ತು ನೆಟ್ಟಗಾಗುತ್ತದೆ. ಅಣ್ಣನ ಗಿಟಾರಿನ ನಟ್ಟು ತುಕ್ಕು ಹಿಡಿದು ಕೂತಿತ್ತು. ಅಪ್ಪ ಕತ್ತಿನ ನಡುವಿಗೆ ಕೆಳಗಿನಿಂದ ಒಂದು ಮರದ ತುಂಡು ಕೊಟ್ಟು, ಗಿಟಾರಿನ ತಲೆಗೆ ಕ್ಲಾಂಪ್ ಹಾಕಿದ. ತಲೆಯನ್ನು ಮೇಜಿನತ್ತ ಎಳೆದರೆ ಸರಳಿನ ಭಾರ ಇಳಿದು ನಟ್ಟು ತಿರುಗುತ್ತದೆ ಎಂಬುದು ಅವನ ಲೆಕ್ಕ.

"ಅಪ್ಪಾ, ಮೊದ್ಲು ತಂತಿ ಸಡಿಲ ಮಾಡ್ಬೇಕಂತೆ. ಫೋನಲ್ಲಿ ಹಾಗೇ ಹಾಕಿದಾರೆ," ಅಂದೆ.

"ನಿನ್ನ ಫೋನು ಎಂದಾದ್ರೂ ತರಿ ಓಡ್ಸಿದೆಯಾ, ಅಮ್ಮಣಿ?"

ಅಣ್ಣ ನಕ್ಕ. "ಎಂ.ಎಸ್ಸಿ. ಅಮ್ಮಾ, ನೀ ಅಲ್ಲಾಡ್ದಂಗೆ ಹಿಡ್ಕೋ, ಸಾಕು."

ತರಿ ಎಂದರೆ ಮಗ್ಗ. ಮಗ್ಗದ ಮನೆಯಲ್ಲಿ ಬಿಗಿದ ಹಾಸನ್ನು, ಎಂದರೆ ಉದ್ದಕ್ಕೆ ಎಳೆದ ನೂಲನ್ನು, ಸಡಿಲಿಸುವುದು ಅಪರಾಧದ ಹಾಗೆ. ಸಾವಿರಾರು ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಅರ್ಧ ದಿನದ ಕೆಲಸ ಹೋಗುತ್ತದೆ. ಏನು ರಿಪೇರಿಯಿದ್ದರೂ ಎಳೆ ಬಿಗಿಯಾಗಿರುವಾಗಲೇ ಮಾಡಬೇಕು. ಚಿಕ್ಕಂದಿನಲ್ಲಿ ಒಮ್ಮೆ ಹಾಸಿನ ಬ್ರೇಕು ಬಿಟ್ಟು ನಾನು ಏಟು ತಿಂದಿದ್ದೆ. ಬಾಗಿದ ಕತ್ತನ್ನು ಹಿಂದಕ್ಕೆ ಮಣಿಸಿದರೆ ತಂತಿ ಇನ್ನೂ ಬಿಗಿಯುತ್ತದೆಂದು ಭೌತಶಾಸ್ತ್ರ ಓದಿದ ನನಗೆ ಗೊತ್ತಿತ್ತು. ಒಂದು ಸಲ ಹೇಳಿದೆ. ಆಮೇಲೆ ಗಿಟಾರನ್ನು ಹಿಡಿದುಕೊಂಡೆ.

ಅಪ್ಪ ಕ್ಲಾಂಪ್ ತಿರುಗಿಸಿದ. ಅಣ್ಣ ಗಿಟಾರಿನ ಬುಡದ ಕಡೆಯಿಂದ ಬಗ್ಗಿ, ಎಡಗಣ್ಣು ಮುಚ್ಚಿ, ಕತ್ತಿನ ಅಂಚಿನುದ್ದಕ್ಕೆ ನೋಡಿದ. ಬಾಗು ಹಾಗೇ ಕಾಣುತ್ತಿತ್ತು.

"ಇನ್ನೂ ಸ್ವಲ್ಪ ಅಪ್ಪಾ. ಇನ್ನೂ ಸ್ವಲ್ಪ."

ನಾಲ್ಕು ತಂತಿಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿನದು ತಲೆಯ ಕಡೆ ತುಂಡಾಗಿ ಬುಡದತ್ತ ಚಿಮ್ಮಿತು. ಆ ಸದ್ದು ದೊಡ್ಡದೇನಲ್ಲ. ಮಗ್ಗಗಳು ಓಡುತ್ತಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಅಣ್ಣ ಕೂಗಲೂ ಇಲ್ಲ. ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡು ನೆಲಕ್ಕೆ ಕೂತ. ಬೆರಳ ಸಂದಿಯಿಂದ ನೀರಿನಂಥದ್ದು ಇಳಿಯುತ್ತಿತ್ತು, ಅದರ ಹಿಂದೆ ರಕ್ತ. ಓಡಿಬಂದ ಅಮ್ಮ ಸೆರಗು ಒತ್ತಲು ಹೋದಳು. "ಒತ್ತಬೇಡ!" ಎಂದು ನಾನು ಕಿರುಚಿದೆ. ಕಣ್ಣಿಗೆ ತಾಗದ ಹಾಗೆ ಕಾಗದದ ಲೋಟ ಕವುಚಿ, ಪಟ್ಟಿ ಕಟ್ಟಿದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಪಕ್ಕದ ಮನೆಯವರ ನೂಲಿನ ವ್ಯಾನಿನಲ್ಲಿ ಕೊಯಮತ್ತೂರಿಗೆ ಹೋದೆವು. ಸಿಗ್ನಲ್ಲುಗಳಲ್ಲಿ ನಿಂತಾಗ ಅಪ್ಪ ತನ್ನ ಅಂಗೈಯನ್ನೇ ನೋಡುತ್ತಿದ್ದ. "ಕಣ್ಣು ಉಳೀತದಾ ಅಮ್ಮಣಿ? ನೀ ಓದಿದವಳು, ಹೇಳು," ಎಂದು ಕೇಳಿದ.

ಎರಡು ಆಪರೇಷನ್ ಆಯಿತು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ. ಮೊದಮೊದಲು ಅಣ್ಣ ಲೋಟಕ್ಕೆ ಕೈ ಚಾಚಿದರೆ ಅದು ಲೋಟದ ಆಚೆಗೆ ಹೋಗುತ್ತಿತ್ತು. ತಂಡದವರು ಬಂದು ನೋಡಿದರು, ಬೇರೆಯವನನ್ನು ಸೇರಿಸಿಕೊಂಡರು. ಅಪ್ಪ ಊಟಕ್ಕೆ ಎಲ್ಲರಿಗಿಂತ ಮೊದಲೋ ಕೊನೆಗೋ ಕೂರುತ್ತಿದ್ದ, ಅಣ್ಣನ ಎದುರು ಮಾತ್ರ ಅಲ್ಲ.

ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ರಾತ್ರಿ ಅದು ನಿಂತರೆ ನಿದ್ದೆಯಿಂದ ಎಚ್ಚರವಾಗುತ್ತದೆ. ನನಗೆ ಅದು ಮೊದಲಿಂದಲೂ ಇತ್ತು. ಈಗ ಕರೆಂಟು ಹೋದ ಕೂಡಲೇ ಎದ್ದು ಕೂತು, ತಂತಿಯ ಸದ್ದಿಗಾಗಿ ಕಾಯುತ್ತಿದ್ದೆ.

ಕಾರ್ತಿಕದ ಒಂದು ಭಾನುವಾರ, ಅಮ್ಮ ಅಟ್ಟಕ್ಕೆ ಹಾಕಿದ್ದ ಗಿಟಾರನ್ನು ಅಣ್ಣನೇ ಇಳಿಸಿ ಮೇಜಿಗೆ ತಂದ. ನಟ್ಟಿಗೆ ಎರಡು ದಿನದಿಂದ ಎಣ್ಣೆ ಬಿಡುತ್ತಿದ್ದನಂತೆ.

"ಅಪ್ಪಾ, ಬಾ. ಇವಳು ಓದ್ಲಿ, ನೀ ಮಾಡು."

"ನನ್ನ ಕೈಗೆ ಬ್ಯಾಡ, ಸಾಮಿ."

"ಬೇರೆ ಕೈಗೆ ಎಲ್ಲಿ ಹೋಗ್ಲಿ? ಬಾ."

ಫೋನಿನಲ್ಲಿದ್ದದ್ದನ್ನು ನಾನು ಓದಿದೆ. ಉಳಿದಿದ್ದ ಮೂರು ತಂತಿಗಳನ್ನು ಅಪ್ಪ ಒಂದೊಂದಾಗಿ ಸಡಿಲಿಸಿದ. ಪ್ರತಿ ಸುತ್ತಿಗೂ ನನ್ನ ಮುಖ ನೋಡಿದ. ಕೀ ಹಾಕಿದಾಗ ನಟ್ಟು ಕಿರ್ರೆಂದು ತಿರುಗಿತು. ಕಾಲು ಸುತ್ತು. ಹೊಸ ತಂತಿಯನ್ನೂ ಸೇರಿಸಿ ನಾಲ್ಕನ್ನೂ ಮತ್ತೆ ಬಿಗಿದದ್ದು ಅಣ್ಣ. ಬಿಗಿದು, ನೋಡಲು ಬಗ್ಗಿದ. ಅಪ್ಪನ ಅಂಗೈ ತಾನಾಗಿ ಅವನ ಮುಖಕ್ಕೂ ತಂತಿಗೂ ನಡುವೆ ಬಂತು.

"ಕೈ ತೆಗಿ ಅಪ್ಪಾ, ಕಾಣದಿಲ್ಲ."

ಅಪ್ಪ ತೆಗೆದ. ಅಣ್ಣ ಬಹಳ ಹೊತ್ತು ನೋಡಿದ.

"ಇದೊಂದು ಸುಲಭ ಆಯ್ತು. ಒಂದು ಕಣ್ಣು ಮುಚ್ಚೋ ಕೆಲಸ ಇಲ್ಲ."

ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು, "ನೆಟ್ಟಗಾಯ್ತಾ?" ಎಂದು ಕೇಳಿದ. ಮೂರು ತಿಂಗಳಲ್ಲಿ ಅವನು ಅಣ್ಣನಿಗೆ ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ಇನ್ನೂ ಚೂರು ಬಾಗು ಇದೆ. ಅಷ್ಟು ಇರ್ಬೇಕು."

ಆ ರಾತ್ರಿ ಎರಡು ಸಲ ಕರೆಂಟು ಹೋಗಿ ಬಂತಂತೆ. ಬೆಳಿಗ್ಗೆ ಅಮ್ಮ ಹೇಳಿದ ಮೇಲೇ ನನಗೆ ಗೊತ್ತಾದದ್ದು.