ಅಟ್ಟದ ಮೇಲೆ ಬಲಿತ ಕಲ್ಲು

ಮೊನ್ನೆ ಅಂಗಡಿಯವನು ಕೊಬ್ಬರಿ ಗಿಟುಕೊಂದನ್ನು ಚಾಕುವಿನಿಂದ ಕೆರೆದು, "ಚೆನ್ನಾಗಿ ಬಲಿತೈತೆ ಕಣಮ್ಮ" ಎಂದ. ನನಗೆ ಮೈಯೆಲ್ಲ ಉರಿಯಿತು. ಪಾಪ, ಅವನದೇನೂ ತಪ್ಪಿಲ್ಲ. ಆ ಚಾಕು ನೋಡಿ ನೆನಪಾದವರು ನಮ್ಮ ನೆರೆಮನೆಯ ಮಂಡಿ ಸಾಹುಕಾರರು...

ತಿಪಟೂರಿನಲ್ಲಿ ಅವರದು ಕೊಬ್ಬರಿ ಮಂಡಿ. ಕೊಬ್ಬರಿಯೊಂದು ಗೊತ್ತಿದ್ದದ್ದಕ್ಕೆ ಲೋಕವೆಲ್ಲ ಗೊತ್ತೆಂದು ತಿಳಿದಿದ್ದರು. ಎಮ್ಮೆಯ ಕಾಯಿಲೆಯಾಗಲಿ, ಕೆಟ್ಟ ರೇಡಿಯೋ ಆಗಲಿ, ಕರೆಯದಿದ್ದರೂ ಬಂದು ತೀರ್ಪು ಕೊಡುತ್ತಿದ್ದರು. ಅಪ್ಪ ಕೈಕಟ್ಟಿ ನಿಂತು ಕೇಳುತ್ತಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯ.

ಎಪ್ಪತ್ತರ ದಶಕದ ಕೊನೆಯಿರಬೇಕು. ಚಿಕ್ಕನಾಯಕನಹಳ್ಳಿ ಕಡೆ, ಮ್ಯಾಂಗನೀಸ್ ಗಣಿಯ ಪಕ್ಕದಲ್ಲಿ ನಮ್ಮ ತೋಟ. ಅಲ್ಲಿ ಬಾವಿ ತೋಡಿಸುವಾಗ ಅಕ್ಕನಿಗೆ ಗುಲಾಬಿ ಬಣ್ಣದ ಹರಳುಗಲ್ಲೊಂದು ಸಿಕ್ಕಿತು. ಅವಳ ವಿಜ್ಞಾನದ ಮೇಷ್ಟ್ರು ನೋಡಿ, ಇದು ಅಪರೂಪದ ಮೆತ್ತನೆಯ ಖನಿಜ, ಗೀರು ಬೀಳದಂತೆ ಇಡು, ಇಂಥ ಕಲ್ಲು ಸಂಗ್ರಹಿಸುವ ಸ್ನೇಹಿತರೊಬ್ಬರು ಬೇಸಿಗೆಗೆ ಬರುತ್ತಾರೆ ಎಂದರು. ಒಳ್ಳೆಯ ಬೆಲೆ ಬಂದರೆ ಅಕ್ಕನನ್ನು ತುಮಕೂರಿನ ಕಾಲೇಜಿಗೆ ಸೇರಿಸುವುದೆಂದು ಅಪ್ಪ ಒಪ್ಪಿದರು. ಅಕ್ಕ ಕಲ್ಲನ್ನು ಹತ್ತಿಯಲ್ಲಿ ಸುತ್ತಿಟ್ಟಳು.

ಸಾಹುಕಾರರಿಗೆ ಸುದ್ದಿ ಮುಟ್ಟಿತು. ಬಂದವರೇ ಹತ್ತಿ ಬಿಚ್ಚಿ, ಜೇಬಿನ ಚಾಕುವಿನಿಂದ ಕಲ್ಲನ್ನು ಕೆರೆದರು. ಪುಡಿ ಉದುರಿತು.

"ಇನ್ನೂ ಎಳೇದು ಕಣಪ್ಪ. ಅಟ್ಟಕ್ಕೆ ಹಾಕು, ಹೊಗೆ ಕುಡೀಲಿ. ಗಟ್ಟಿಯಾದ್ರೆ ಎರಡರಷ್ಟು ರೇಟು ಬತ್ತದೆ."

"ಅದು ಕಲ್ಲು ಕಣ್ರೀ, ಕಾಯಲ್ಲ" ಎಂದಳು ಅಕ್ಕ.

"ಸುಮ್ನಿರಮ್ಮ, ನಾವು ನೋಡ್ದೇ ಇರೋದಾ?"

ಅಪ್ಪ ಆ ಕಲ್ಲನ್ನು ಅಟ್ಟಕ್ಕೆ ಹಾಕಿದರು. ಅಲ್ಲಿ ಕೊಬ್ಬರಿಯಾಗಲು ಹಾಕಿದ ಕಾಯಿಗಳ ನಡುವೆ, ಅಡುಗೆಮನೆಯ ಹೊಗೆಯಲ್ಲಿ, ಬೇಸಿಗೆಯವರೆಗೂ ಬಿದ್ದಿತ್ತು. ಸಂಗ್ರಹಕಾರರು ಬಂದ ದಿನ ಕೆಳಗಿಳಿದದ್ದು ಒಂದು ಕಪ್ಪು ಹೆಂಟೆ. ಅವರು ಒರೆಸಿದರೂ ಕಪ್ಪು ಹೋಗಲಿಲ್ಲ; ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಮೆತ್ತಗಿರೋದೇ ಇದರ ಗುಣ. ಆ ಬಣ್ಣಕ್ಕೇ ಬೆಲೆ... ಹೀಗೇಕೆ ಮಾಡಿದಿರಿ?" ಎಂದು ಕೇಳಿ, ಕಲ್ಲನ್ನು ಅಲ್ಲೇ ಇಟ್ಟು ಹೊರಟುಹೋದರು.

ಜಗಲಿಯ ಮೇಲೆ ಕೂತಿದ್ದ ಸಾಹುಕಾರರಿಗೆ ನಾಚಿಕೆಯಾಗಲಿಲ್ಲ. "ಅವಸರ ಮಾಡುದ್ರಿ. ಇನ್ನೊಂದ್ ವರ್ಷ ಬುಡಬೇಕಿತ್ತು" ಎಂದರು. ಅಪ್ಪ ಅದಕ್ಕೂ ತಲೆಯಾಡಿಸಿದರು. ಅದೇ ವರ್ಷ ಅಕ್ಕನನ್ನು ದಬ್ಬೇಘಟ್ಟಕ್ಕೆ ಮದುವೆ ಮಾಡಿ ಕಳಿಸಿದರು.

ಈಗ ಮಂಡಿಯಲ್ಲಿ ಸಾಹುಕಾರರ ಫೋಟೋಗೆ ದಿನವೂ ಹಾರ ಬೀಳುತ್ತದೆ. ದೊಡ್ಡ ಮನುಷ್ಯರಂತೆ. ಅವರು ಸತ್ತಾಗ ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ, ಈಗಲೂ ಬರುವುದಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳು. ಅವಳ ಟ್ರಂಕಿನಲ್ಲಿ ಆ ಕಲ್ಲು ಹತ್ತಿಯಲ್ಲೇ ಇತ್ತು, ಮನೆಗೆ ತಂದಿಟ್ಟುಕೊಂಡಿದ್ದೆ. ಮೊನ್ನೆ ಅಂಗಡಿಯಿಂದ ಬಂದು ನಾನು ಅದನ್ನು ತೆಗೆದು ನೋಡುವಾಗ ಕೈಜಾರಿ ಬಿದ್ದು ಒಡೆಯಿತು. ಒಳಗೆಲ್ಲ ಇನ್ನೂ ಅದೇ ಗುಲಾಬಿ ಬಣ್ಣ... ತೋರಿಸೋಣವೆಂದರೆ ಅಕ್ಕ ಇಲ್ಲ.